ಅಳದ ಕೂಸು ಶಾಣ್ಯಾ ಕೂಸಲ್ಲ

‘ಸಣ್ ಕೂಸು, ಅದಕ್ಕೇನ್ ತಿಳಿತೈತಿ? ಹೊಟ್ಟಿಗಿ ಹಾಕಿದ್ರ ತಾನಾ ಬೆಳಿತೈತಿ.’

ತುರ್ವಿಹಾಳದ ಬಸ್ ನಿಲ್ದಾಣದಲ್ಲಿ ನಿಂತರೂ, ಸಿಂಧನೂರಿನ ಎಪಿಎಂಸಿ ಅಂಗಳದಲ್ಲಿ ನಿಂತರೂ, ಮಸ್ಕಿ, ಲಿಂಗಸುಗೂರು ಕಡೆಯ ತಾಂಡಾಗಳಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಗದ್ದೆಯ ಯಜಮಾನ ಇದನ್ನು ಆಡುತ್ತಾನೆ. ಗುಳೆಗೆ ಜನ ಕೂಡಿಸುವ ಮೇಸ್ತ್ರಿ ಆಡುತ್ತಾನೆ. ಪೌಷ್ಟಿಕತೆಯ ಸಭೆಯಲ್ಲಿ ಕೂತ ಅಧಿಕಾರಿ ಇದನ್ನೇ ಕಡತದ ಕನ್ನಡದಲ್ಲಿ ಆಡುತ್ತಾನೆ. ಯಾರೂ ಎದುರಾಡುವುದಿಲ್ಲ, ಯಾಕೆಂದರೆ ಇದರಿಂದ ಎಲ್ಲರಿಗೂ ಅನುಕೂಲವಿದೆ. ಕೂಸಿಗೆ ಏನೂ ತಿಳಿಯುವುದಿಲ್ಲ ಎಂದು ಒಪ್ಪಿಬಿಟ್ಟರೆ ಅದಕ್ಕಾಗಿ ಯಾರೂ ಏನೂ ಮಾಡಬೇಕಾಗಿಲ್ಲ. ಯಜಮಾನ ನಾಟಿಯ ನಡುವೆ ತಾಯಿಯನ್ನು ಬಿಡಬೇಕಾಗಿಲ್ಲ, ಸರ್ಕಾರ ಒಂದು ಕೋಣೆ ತೆರೆಯಬೇಕಾಗಿಲ್ಲ, ಅಪ್ಪ ಕೂಸನ್ನು ಎತ್ತಿಕೊಳ್ಳಬೇಕಾಗಿಲ್ಲ. ಈ ಮಾತು ಸುಳ್ಳು. ನಮ್ಮ ರಾಯಚೂರು ಜಿಲ್ಲೆಯ ಮಕ್ಕಳಿಗೆ ಆಗುತ್ತಿರುವ ಅನ್ಯಾಯದ ಬುಡದಲ್ಲಿರುವುದು ಇದೇ ಸುಳ್ಳು.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಇಲ್ಲಿ ನಾಟಿಯ ಅವಸರ ಶುರುವಾಗುತ್ತದೆ. ಬೆಳಕು ಹರಿಯುತ್ತಲೇ ಹೆಂಗಸರು ಟಂಟಂ ಹತ್ತುತ್ತಾರೆ. ಎಕರೆಗೆ ಇಷ್ಟು ಎಂದು ಗುಂಪಿನ ಗುತ್ತಿಗೆ. ಒಬ್ಬಳು ಸಾಲು ಬಿಟ್ಟು ಎದ್ದರೆ ಉಳಿದವರ ಕೂಲಿಗೂ ಪೆಟ್ಟು. ಬದುವಿನ ಜಾಲಿ ಮರಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿರುತ್ತದೆ. ಒಳಗೆ ಎಂಟು ತಿಂಗಳ ಕೂಸು. ಪಕ್ಕದಲ್ಲಿ ತೂಗಲು ಅದರ ಅಕ್ಕ, ಏಳೆಂಟು ವರ್ಷದವಳು, ಶಾಲೆ ಬಿಟ್ಟು ಬಂದವಳು. ಕೂಸು ಅಳುತ್ತದೆ. ಕೆಸರಿನಲ್ಲಿ ಬಗ್ಗಿದ ತಾಯಿ ತಲೆ ಎತ್ತಿ ನೋಡುತ್ತಾಳೆ. ಕುಪ್ಪಸ ಹಾಲಿನಿಂದ ತೋಯುತ್ತದೆ. ಸಾಲು ಮುಂದೆ ಹೋಗಿರುತ್ತದೆ, ಮತ್ತೆ ಬಗ್ಗುತ್ತಾಳೆ. ಅಕ್ಕ ಬಿಸ್ಕತ್ತನ್ನು ನೀರಿನಲ್ಲಿ ನೆನೆಸಿ ಕೂಸಿನ ಬಾಯಿಗಿಡುತ್ತಾಳೆ. ಅಳು ಏರಿ, ಬಿಕ್ಕಾಗಿ, ನಿಲ್ಲುತ್ತದೆ. ಹಂಗಾಮು ಮುಗಿಯುವ ಹೊತ್ತಿಗೆ ಕೂಸು ಅಳುವುದನ್ನೇ ಬಿಟ್ಟಿರುತ್ತದೆ. ಕಣ್ಣು ಬಿಟ್ಟುಕೊಂಡು ಜೋಳಿಗೆಯೊಳಗೆ ಸುಮ್ಮನೆ ಮಲಗಿರುತ್ತದೆ. ಬುತ್ತಿ ಬಿಚ್ಚಲು ಬದುವಿಗೆ ಬಂದವರು ಆಗ ಹೊಗಳುತ್ತಾರೆ: ‘ಎಂಥಾ ಶಾಣ್ಯಾ ಕೂಸು ನೋಡ್ರಿ, ಅಳೂದಾ ಇಲ್ಲ.’

ನನ್ನ ಮೊದಲ ತಕರಾರು ಈ ಹೊಗಳಿಕೆಯ ಮೇಲೆ. 1952ರಲ್ಲಿ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ಒಂದು ಚಿತ್ರ ತೆಗೆದರು. ಎರಡು ವರ್ಷದ ಹುಡುಗಿಯೊಬ್ಬಳು ತಾಯಿಯಿಲ್ಲದೆ ಆಸ್ಪತ್ರೆಯಲ್ಲಿ ಕಳೆದ ಎಂಟು ದಿನಗಳ ಚಿತ್ರ ಅದು. ಆಗ ಅಲ್ಲಿನ ಆಸ್ಪತ್ರೆಗಳು ತಂದೆತಾಯಿಯನ್ನು ಮಗುವಿನ ಹತ್ತಿರ ಬಿಡುತ್ತಿದ್ದುದೇ ಅಪರೂಪ. ಮಗು ಎರಡು ದಿನ ಅತ್ತು ಸುಮ್ಮನಾದರೆ ಹೊಂದಿಕೊಂಡಿತು ಎಂದು ದಾದಿಯರು ನೆಮ್ಮದಿಪಡುತ್ತಿದ್ದರು. ರಾಬರ್ಟ್‌ಸನ್ ಕಂಡಿದ್ದೇ ಬೇರೆ. ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶವಾಗುತ್ತದೆ, ಕೊನೆಗೆ ನಂಟನ್ನೇ ಕಳಚಿಕೊಳ್ಳುತ್ತದೆ. ಸುಮ್ಮನಾದ ಮಗು ಎರಡನೆಯ ಇಲ್ಲವೇ ಮೂರನೆಯ ಹಂತದಲ್ಲಿರುವ ಮಗು. ವೈದ್ಯರು ಸಿಟ್ಟಾದರು, ನಂಬಲಿಲ್ಲ. ಆದರೂ ಆಸ್ಪತ್ರೆಯಲ್ಲಿರುವ ಮಕ್ಕಳ ಕುರಿತ 1959ರ ಪ್ಲಾಟ್ ವರದಿಯ ನಂತರ ಆ ದೇಶದ ಆಸ್ಪತ್ರೆಗಳ ಬಾಗಿಲು ತಾಯಂದಿರಿಗೆ ತೆರೆಯತೊಡಗಿತು. ಎಂಟು ದಿನಗಳ ಅಗಲಿಕೆಯನ್ನು ಅವರು ಅಷ್ಟು ಗಂಭೀರವಾಗಿ ತೆಗೆದುಕೊಂಡರು. ವರ್ಷಕ್ಕೆ ಎರಡು ಹಂಗಾಮು ಹೀಗೆ ಸುಮ್ಮನಾಗುವ ನಮ್ಮ ಕೂಸುಗಳ ಬಗ್ಗೆ ನಾವು ಯಾವ ಸಭೆ ಕರೆದಿದ್ದೇವೆ?

ಅಳು ಕಡಿಮೆಯಾಗುವುದು ಎರಡು ರೀತಿಯಲ್ಲಿ. ಅತ್ತರೆ ಯಾರೋ ಬಂದೇ ಬರುತ್ತಾರೆ ಎಂದು ಗೊತ್ತಾದ ಕೂಸು ಕಡಿಮೆ ಅಳುತ್ತದೆ. ಯಾರೂ ಬರುವುದಿಲ್ಲ ಎಂದು ಗೊತ್ತಾದ ಕೂಸೂ ಕಡಿಮೆ ಅಳುತ್ತದೆ. ಮೊದಲನೆಯದು ನಕ್ಕರೆ ನಗುತ್ತದೆ, ಎತ್ತಿಕೊಂಡರೆ ಕೊರಳಿಗೆ ಜೋತು ಬೀಳುತ್ತದೆ. ಎರಡನೆಯದು ಎತ್ತಿಕೊಂಡರೂ ಅತ್ತ ನೋಡುತ್ತದೆ. ಈ ವ್ಯತ್ಯಾಸ ಕಾಣದವರು ನಾವಲ್ಲ. ಕರು ಮಂಕಾದರೆ ಗಂಟೆಯೊಳಗೆ ಗುರುತಿಸುವ ಜನ. ‘ಎತ್ತಿಗೊಂಡ್ರ ಚಟ ಬೀಳ್ತೈತಿ’ ಎಂದು ಬಾಣಂತಿಯನ್ನು ಹೆದರಿಸುವ ಹಿರಿಯರೂ ಕೇಳಲಿ. 1972ರಲ್ಲಿ ಮೇರಿ ಐನ್ಸ್‌ವರ್ತ್ ಮತ್ತು ಸಿಲ್ವಿಯಾ ಬೆಲ್ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಅತ್ತ ಕೂಡಲೇ ತಾಯಿ ಓಗೊಟ್ಟ ಕೂಸುಗಳೇ ವರ್ಷ ತುಂಬುವಾಗ ಕಡಿಮೆ ಅಳುತ್ತಿದ್ದವು. ಅವು ಅಳುವಿನ ಬದಲು ಕೈಸನ್ನೆಯಲ್ಲಿ, ತೊದಲಿನಲ್ಲಿ ಕೇಳುವುದನ್ನು ಕಲಿತಿದ್ದವು. ಚಟ ಬೀಳುತ್ತದೆ ಎಂಬ ಮಾತು ಎಷ್ಟು ಮನೆಗಳಲ್ಲಿ ತಾಯಿಯ ಕೈ ಹಿಡಿದು ನಿಲ್ಲಿಸಿದೆಯೋ!

ಏನೂ ತಿಳಿಯುವುದಿಲ್ಲವಂತೆ. ಹುಟ್ಟಿದಾಗ ದೊಡ್ಡವರ ಮೆದುಳಿನ ಕಾಲು ಭಾಗದಷ್ಟಿರುವ ಮೆದುಳು ಎರಡು ವರ್ಷಕ್ಕೆ ಸುಮಾರು ಮುಕ್ಕಾಲು ಭಾಗಕ್ಕೆ ಬೆಳೆಯುತ್ತದೆ. ಬದುಕಿನ ಇನ್ನಾವ ಘಟ್ಟದಲ್ಲೂ ಅದು ಅಷ್ಟು ವೇಗವಾಗಿ ಬೆಳೆಯುವುದಿಲ್ಲ. ಕೂಸು ಕೇಕೆ ಹಾಕುತ್ತದೆ, ಎದುರಿನ ಮುಖ ಅರಳುತ್ತದೆ, ಕೂಸು ಇನ್ನೊಂದು ಕೇಕೆ ಹಾಕುತ್ತದೆ. ದಿನಕ್ಕೆ ನೂರಾರು ಸಲ ನಡೆಯುವ ಈ ಕೊಡುಕೊಳ್ಳುವಿಕೆಯಲ್ಲೇ ಮಾತು, ಗಮನ, ಸಿಟ್ಟು ತಡೆಯುವ ಶಕ್ತಿ, ಹೆದರಿಕೆ ಇಳಿಸಿಕೊಳ್ಳುವ ಶಕ್ತಿ ಎಲ್ಲವೂ ನೆಲೆಗೊಳ್ಳುತ್ತವೆ. ಏಳೆಂಟು ತಿಂಗಳಿಗೆ ಕೂಸಿಗೆ ತನ್ನವರ ಗುರುತು ಗಟ್ಟಿಯಾಗುತ್ತದೆ. ಅವರು ಕಣ್ಣಮುಂದಿಲ್ಲದಿದ್ದರೆ ಅದು ದಿಗಿಲುಗೊಳ್ಳುತ್ತದೆ. ಏಳೆಂಟು ತಿಂಗಳಿನಿಂದ ಮೂರು ವರ್ಷದವರೆಗಿನ ಅಗಲಿಕೆಯೇ ಎಲ್ಲಕ್ಕಿಂತ ಆಳಕ್ಕೆ ಇಳಿಯುವುದು. ಸೋನಾಮಸೂರಿ ಬೆಳೆಯುವ ನಮ್ಮ ರೈತನಿಗೆ ಸಸಿ ಎಷ್ಟು ದಿನದ್ದಿರುವಾಗ ಕಿತ್ತು ಹಚ್ಚಬೇಕು, ತಡವಾದರೆ ತೆಂಡೆ ಎಷ್ಟು ಕಡಿಮೆಯಾಗುತ್ತದೆ ಎಂಬುದು ಬಾಯಿಪಾಠ. ತನ್ನ ಗದ್ದೆಗೆ ಬರುವ ಹೆಂಗಸಿನ ಕೂಸಿಗೆ ಎಷ್ಟು ತಿಂಗಳು ಎಂದು ಅವನು ಎಂದಾದರೂ ಕೇಳಿದ್ದಾನೆಯೇ?

ಇನ್ನು ‘ಹೊಟ್ಟಿಗಿ ಹಾಕಿದ್ರ ಬೆಳಿತೈತಿ’. ಸರ್ಕಾರ ಅತಿ ಹೆಚ್ಚು ನಂಬಿರುವುದು ಇದನ್ನೇ. 2011ರ ಸುಮಾರಿಗೆ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ಇಡೀ ರಾಜ್ಯಕ್ಕೆ ಗೊತ್ತಾಯಿತು. ವಿಷಯ ಹೈಕೋರ್ಟಿಗೆ ಹೋಯಿತು, 2012ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಬಂತು. ಮೊಟ್ಟೆ, ಹಾಲು, ಪುಷ್ಟಿಯ ಪೊಟ್ಟಣ ಎಲ್ಲ ಬೇಕಾದವೇ, ಒಂದನ್ನೂ ಕಡಿಮೆ ಮಾಡಬಾರದು. ಆದರೆ ಅಂದಿನಿಂದ ನಮ್ಮ ಜಿಲ್ಲೆಯ ಮಗು ಒಂದು ತೂಕವಾಗಿ ಉಳಿದುಬಿಟ್ಟಿತು. ತಕ್ಕಡಿಗೆ ಏರಿಸು, ಇಳಿಸು, ನಮೂದಿಸು. ಆ ಪೊಟ್ಟಣದ ಹಿಟ್ಟನ್ನು ಕಲಸಿ, ತೊಡೆಯ ಮೇಲೆ ಕೂರಿಸಿಕೊಂಡು, ಉಗುಳಿದರೆ ಮತ್ತೆ ಒರೆಸಿ, ಚಂದಮಾಮನನ್ನು ತೋರಿಸಿ ಒಂದೊಂದೇ ತುತ್ತು ಉಣ್ಣಿಸುವವರು ಹಗಲಿನಲ್ಲಿ ಮನೆಯಲ್ಲಿ ಯಾರಿದ್ದಾರೆ? ಈ ಪ್ರಶ್ನೆಗೆ ಯಾವ ನಮೂನೆಯಲ್ಲೂ ಕಲಂ ಇಲ್ಲ. ಒಂಬತ್ತು ತಿಂಗಳ ಕೂಸು ತಾನಾಗಿ ಉಣ್ಣುವುದಿಲ್ಲ. ಅದಕ್ಕೆ ಇನ್ನೊಬ್ಬರ ಕೈ ಬೇಕು, ಆ ಕೈಗೆ ಪುರುಸೊತ್ತು ಬೇಕು.

ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ 1986–87ರಲ್ಲಿ ಆರಂಭವಾದ ಒಂದು ಅಧ್ಯಯನವನ್ನು ನಮ್ಮ ಜಿಲ್ಲೆಯ ಪ್ರತಿ ಅಧಿಕಾರಿಯೂ ಓದಬೇಕು. 9ರಿಂದ 24 ತಿಂಗಳ, ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಕೆಲವರಿಗೆ ಪೂರಕ ಆಹಾರ. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ ಒಂದು ಗಂಟೆ ಕುಳಿತು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಕೂಸಿನ ಜತೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತಾಯಿಗೆ ತೋರಿಸಿದಳು. ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಎರಡು ವರ್ಷ ಇಷ್ಟೇ ನಡೆದದ್ದು. ಇಪ್ಪತ್ತು ವರ್ಷಗಳ ಮೇಲೆ ನೋಡಿದಾಗ, ಆಟ ಮತ್ತು ಮಾತು ಸಿಕ್ಕ ಮಕ್ಕಳ ದುಡಿಮೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಬರೀ ಆಹಾರ ಸಿಕ್ಕವರಲ್ಲಿ ಅಂಥ ಲಾಭ ಉಳಿದಿರಲಿಲ್ಲ. 2014ರಲ್ಲಿ ಪ್ರಕಟವಾದ ಈ ಫಲಿತಾಂಶದ ಮುಂದೆ ‘ಹೊಟ್ಟಿಗಿ ಹಾಕಿದ್ರ ಸಾಕು’ ಎನ್ನುವವರು ಏನು ಉತ್ತರ ಕೊಡುತ್ತಾರೆ?

ನಮ್ಮಲ್ಲೂ ಒಂದು ವ್ಯವಸ್ಥೆ ಇದೆ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕೂಸು ತೀವ್ರ ಅಪೌಷ್ಟಿಕತೆಗೆ ಇಳಿದರೆ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ, ಜತೆಗೆ ಉಳಿಯುವ ತಾಯಿಗೆ ಕೂಲಿ ನಷ್ಟದ ಪರಿಹಾರ ಕೊಡುತ್ತಾರೆ. ಎಂದರೆ ತಾಯಿ ಕೂಸಿನ ಪಕ್ಕ ಕೂರಬೇಕು, ಕೂತರೆ ಕೂಲಿ ಹೋಗುತ್ತದೆ, ಆ ಕೂಲಿಯನ್ನು ಸರ್ಕಾರ ತುಂಬಿಕೊಡಬೇಕು ಎಂಬ ಮೂರೂ ಸಂಗತಿಗಳು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿವೆ. ಕೂಸಿನ ರಟ್ಟೆ ಕಡ್ಡಿಯಾಗುವವರೆಗೆ ಮಾತ್ರ ಅವು ನೆನಪಾಗುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಇನ್ನು ಕೆಲವು ಮಂದಿ ಎದ್ದು ನಿಲ್ಲುತ್ತಾರೆ: ‘ಹಂಗಾದ್ರ ಹೆಂಗಸರು ಮನ್ಯಾಗ ಇರ್ಲಿ. ರೊಕ್ಕದ ಆಸೆಗೆ ಕೂಸು ಬಿಟ್ಟು ಹೋಗ್ತಾರ.’ ಇದು ಮೊದಲಿನದಕ್ಕಿಂತ ಕೆಟ್ಟ ಮಾತು. ಯಾರ ರೊಕ್ಕದ ಆಸೆ? ಎಕರೆಗಟ್ಟಲೆ ಗದ್ದೆ ಹಚ್ಚಿಸಿಕೊಂಡವನದೋ, ಸಾಲದ ಬಡ್ಡಿಗೆ ಬೆನ್ನು ಬಗ್ಗಿಸಿದವಳದೋ? ಕೂಸಿನ ವಿಷಯ ಬಂದಾಗ ಅಪ್ಪನ ಹೆಸರು ಯಾಕೆ ಯಾರ ಬಾಯಲ್ಲೂ ಬರುವುದಿಲ್ಲ? ಐನ್ಸ್‌ವರ್ತ್ ತಾಯಿ ಕೂಸಿನ ನಂಟನ್ನು ಮೊದಲು ಹತ್ತಿರದಿಂದ ನೋಡಿದ್ದು ಶ್ರೀಮಂತ ದೇಶದ ಬಂಗಲೆಯಲ್ಲಲ್ಲ, 1954–55ರಲ್ಲಿ ಉಗಾಂಡಾದ ಕಂಪಾಲಾ ಸುತ್ತಿನ ಹಳ್ಳಿಗಳಲ್ಲಿ. ಅಲ್ಲಿನ ತಾಯಂದಿರು ತೋಟದಲ್ಲಿ ದುಡಿಯುವವರೇ. ಗ್ಲಾಸ್ಗೋದ 60 ಕೂಸುಗಳನ್ನು ಹಿಂಬಾಲಿಸಿ ನೋಡಿ 1964ರಲ್ಲಿ ಅಧ್ಯಯನ ಪ್ರಕಟಿಸಿದ ಶಾಫರ್ ಮತ್ತು ಎಮರ್ಸನ್, ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಕೂಸುಗಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದನ್ನು ಕಂಡರು: ಅಪ್ಪ, ಅಜ್ಜಿ, ಅಜ್ಜ. ಕೂಸು ಹಗಲೂ ರಾತ್ರಿ ತಾಯಿಯನ್ನೇ ಕೇಳುವುದಿಲ್ಲ. ಗುರುತಿನ ಮೂರ್ನಾಲ್ಕು ಮುಖಗಳನ್ನು ಕೇಳುತ್ತದೆ. ಆ ಮುಖಗಳು ನಾಳೆಯೂ ಇರಬೇಕು, ನಾಡಿದ್ದೂ ಇರಬೇಕು, ಅತ್ತರೆ ಓಗೊಡಬೇಕು. ತಾಯಿಯನ್ನು ಬೈದು ಮನೆಯಲ್ಲಿ ಕೂರಿಸುವವರಿಗೆ ಈ ವಿಜ್ಞಾನದಲ್ಲಿ ಆಸರೆಯಿಲ್ಲ.

ಅಜ್ಜಿಯಿದ್ದಾಳಲ್ಲ ಎನ್ನುತ್ತಾರೆ. ಇದ್ದಾಳೆ, ಅವಳಿಲ್ಲದಿದ್ದರೆ ನಮ್ಮ ಊರುಗಳು ಎಂದೋ ಮುಳುಗಿರುತ್ತಿದ್ದವು. ಕಾಲುವೆಗೆ ನೀರು ಬಂದರೆ ನಾಟಿ, ಬಾರದಿದ್ದರೆ ಗುಳೆ. ಬೆಂಗಳೂರಿನ ಕಟ್ಟಡಕ್ಕೆ ಹೋಗುವ ಗಂಡಹೆಂಡತಿ, ಅಲ್ಲಿನ ತಗಡಿನ ಗುಡಿಸಲಲ್ಲಿ ಕೂಸಿಗೆ ಜಾಗವಿಲ್ಲವೆಂದು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಮೂವರು ಮಕ್ಕಳ ಕೂಸುಗಳು ಒಬ್ಬ ಮುದುಕಿಯ ಮಡಿಲಿಗೆ ಬೀಳುತ್ತವೆ. ಅವಳ ಮೊಣಕಾಲು ನೋಯುತ್ತದೆ, ಕಣ್ಣಿಗೆ ಪೊರೆ ಬಂದಿದೆ, ನೀರು ಹೊರಬೇಕು, ರೊಟ್ಟಿ ಬಡಿಯಬೇಕು. ಆದರೂ ಕೂಸು ಅವಳನ್ನು ಹಚ್ಚಿಕೊಳ್ಳುತ್ತದೆ. ಯುಗಾದಿಗೆ ಅವ್ವ ಬರುತ್ತಾಳೆ. ಕೂಸು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ. ‘ನೋಡ, ಅವ್ವನ್ನಾ ಮರ್ತೈತಿ’ ಎಂದು ನಗುತ್ತಾರೆ. ಅವ್ವ ಆಚೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾಳೆ. ಮುಂದಿನ ಸಲ ಹೋಗುವಾಗ ಕೂಸನ್ನು ಕರೆದುಕೊಂಡೇ ಹೋಗುತ್ತಾಳೆ, ಈಗ ಅದು ಅಜ್ಜಿಯಿಂದ ಕಿತ್ತುಹೋಗುತ್ತದೆ. ಮೂರು ವರ್ಷ ತುಂಬುವುದರೊಳಗೆ ಎರಡು ಸಲ, ಮೂರು ಸಲ ಹೀಗಾದ ಮಗು ಶಾಲೆಗೆ ಬಂದಾಗ ‘ಗಮನ ಇಲ್ಲ, ಹೊಡೆದಾಡ್ತಾನೆ, ಮಾತೇ ಆಡಲ್ಲ’ ಎಂದು ದೂರುತ್ತೇವೆ. ಗುಳೆ ಹೋದವರ ಮಕ್ಕಳಿಗಾಗಿ ಶಿಕ್ಷಣ ಇಲಾಖೆಯ ಋತುಮಾನ ವಸತಿ ಶಾಲೆಗಳಿವೆ. ಅವು ಶಾಲೆಯ ವಯಸ್ಸಿನವರಿಗೆ ಮಾತ್ರ. ಅದಕ್ಕಿಂತ ಸಣ್ಣವರು ಸರ್ಕಾರದ ಕಣ್ಣಿಗೆ ಹುಟ್ಟಿಯೇ ಇಲ್ಲ.

ಆರು ವರ್ಷಕ್ಕೆ ಶಾಲೆ ಎಲ್ಲವನ್ನೂ ಸರಿಮಾಡುತ್ತದೆ ಎಂದು ನೆಮ್ಮದಿಯಿಂದಿರುವವರು ರುಮೇನಿಯಾದ ಬುಕಾರೆಸ್ಟಿನ ಅನುಭವ ನೋಡಲಿ. ಅನಾಥಾಲಯಗಳಲ್ಲಿ ಹೊಟ್ಟೆಗೆ ಇದ್ದೂ ಎತ್ತಿಕೊಳ್ಳುವವರಿಲ್ಲದೆ ಬೆಳೆಯುತ್ತಿದ್ದ 136 ಮಕ್ಕಳ ಅಧ್ಯಯನ ಈ ಶತಮಾನದ ಆರಂಭದಲ್ಲಿ ಅಲ್ಲಿ ಶುರುವಾಯಿತು. ಅರ್ಧದಷ್ಟು ಮಕ್ಕಳನ್ನು ಸಾಕುವ ಕುಟುಂಬಗಳಿಗೆ ಕಳಿಸಿದರು. ಸುಮಾರು ಎರಡು ವರ್ಷದೊಳಗೆ ಮಡಿಲು ಸಿಕ್ಕವರು ನಂಟಿನಲ್ಲೂ ಮೆದುಳಿನ ಚಟುವಟಿಕೆಯಲ್ಲೂ ಹೆಚ್ಚು ಚೇತರಿಸಿಕೊಂಡರು. ತಡವಾದವರಲ್ಲಿ ಆ ಚೇತರಿಕೆ ಕಡಿಮೆ. ನಮ್ಮ ಕೂಸುಗಳು ಅನಾಥರಲ್ಲ, ಅವರಿಗೆ ಜೀವ ಬಿಡುವ ತಾಯಂದಿರಿದ್ದಾರೆ. ಆ ತಾಯಂದಿರ ಹಗಲನ್ನು ಕಿತ್ತುಕೊಂಡವರು ನಾವು.

ಕಾನೂನು ಏನನ್ನುತ್ತದೆ? ಆರು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಆರೈಕೆ ಮತ್ತು ಶಿಕ್ಷಣ ಒದಗಿಸಲು ಸರ್ಕಾರ ಪ್ರಯತ್ನಿಸಬೇಕು ಎಂದು ಸಂವಿಧಾನದ 45ನೇ ವಿಧಿ ಹೇಳುತ್ತದೆ. 2017ರ ತಿದ್ದುಪಡಿಯಿಂದ ಸಂಘಟಿತ ವಲಯದ ಹೆಂಗಸಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ. 50 ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ. ರಾಜ್ಯ ಸರ್ಕಾರದ ನೌಕರಿಯಲ್ಲಿರುವವಳಿಗೆ 180 ದಿನ ರಜೆ. ಅವಳಿಗೆ ಅದು ಸಿಗಲೇಬೇಕು. ಆದರೆ ಕಚೇರಿಯ ಹೆಂಗಸಿನ ಕೂಸಿಗೆ ಆರು ತಿಂಗಳು ತಾಯಿ ಬೇಕು ಎಂದು ಒಪ್ಪಿದ ಸರ್ಕಾರ, ಅವಳು ಉಣ್ಣುವ ಅಕ್ಕಿಯ ಸಸಿ ಹಚ್ಚಿದವಳ ಕೂಸಿಗೆ ಏನು ಕೊಟ್ಟಿದೆ? ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ ಮಾತ್ರ 6,000, ಗಂಡಾದರೆ ಏನೂ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಬಸುರಿ ಬಾಣಂತಿಗೂ 6,000ಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು ಎಂದು ಬರೆದಿದ್ದರೂ ಈ ಗತಿ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂದಿತ್ತು. ಒಬ್ಬ ಮೇಸ್ತ್ರಿಯ ಕೈಕೆಳಗೆ ಹತ್ತು ಹದಿನೈದು ಜನರಿರುವಾಗ ಯಾವ ಪುಸ್ತಕದಲ್ಲಿ 50 ತುಂಬುತ್ತದೆ?

2023ರ ರಾಜ್ಯ ಬಜೆಟ್ಟಿನಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಯೋಜನೆ ಬಂತು, 4,000 ಗ್ರಾಮ ಪಂಚಾಯಿತಿಗಳಲ್ಲಿ, ನರೇಗಾ ಕೂಲಿಕಾರರ ಮಕ್ಕಳಿಗೆ. ಹೆಸರು ಕೇಳಿಯೇ ಖುಷಿಯಾಗಿತ್ತು. ಆದರೆ ತುರ್ವಿಹಾಳ ಗ್ರಾಮ ಪಂಚಾಯಿತಿಯಲ್ಲ, ಪಟ್ಟಣ ಪಂಚಾಯಿತಿ. ಹೆಸರಿಗೆ ಪಟ್ಟಣ, ಬದುಕು ಗದ್ದೆಯಲ್ಲಿ. ಬೋರ್ಡು ಬದಲಾದ ಕಾರಣಕ್ಕೆ ಇಲ್ಲಿನ ಕೂಲಿ ಹೆಂಗಸು ನರೇಗಾದಿಂದಲೂ ಹೊರಗುಳಿದಳು, ಕೂಸಿನ ಮನೆಯಿಂದಲೂ ಹೊರಗುಳಿದಳು. ತೆರೆದ ಕಡೆಯಲ್ಲೂ ಲೆಕ್ಕ ತಪ್ಪಿದೆ. ಆರೈಕೆ ಮಾಡುವವರನ್ನು ಜಾಬ್ ಕಾರ್ಡಿನ ಹೆಂಗಸರಿಂದಲೇ ಆರಿಸಿ, ವರ್ಷಕ್ಕೆ 100 ದಿನದ ಕೂಲಿಯ ಮಿತಿಗೆ ಕಟ್ಟಿ, ಸರದಿಯ ಮೇಲೆ ಕೆಲಸ ಕೊಡುವ ಏರ್ಪಾಡಾಗಿ ಅದು ಶುರುವಾಯಿತು. ಕೂಸು ಒಬ್ಬಳನ್ನು ಹಚ್ಚಿಕೊಳ್ಳುವ ಹೊತ್ತಿಗೆ ಅವಳ ಸರದಿ ಮುಗಿದಿರುತ್ತದೆ. ಈ ಯೋಜನೆ ಬರೆದವರಿಗೂ ಮನಸ್ಸಿನ ಆಳದಲ್ಲಿ ಅದೇ ನಂಬಿಕೆ: ಕೂಸಿಗೇನು ತಿಳಿಯುತ್ತದೆ, ಯಾರ ಕೈಯಾದರೇನು.

ಅಂಗನವಾಡಿಯಲ್ಲಿ ಮೂರರ ಮೇಲಿನವರಿಗೆ ಜಾಗ, ಮೂರರ ಕೆಳಗಿನವರಿಗೆ ಪೊಟ್ಟಣ. ಈಗ ಎಲ್ಲರ ಉತ್ಸಾಹವೂ ಎಲ್‌ಕೆಜಿ, ಯುಕೆಜಿಯ ಮೇಲೆ. ಅಕ್ಷರ ತಿದ್ದಿಸಲು ಹಣವಿದೆ, ಎತ್ತಿಕೊಳ್ಳಲು ಇಲ್ಲ.

ಜೋಳಿಗೆ ತೂಗುವ ಆ ಅಕ್ಕನನ್ನು ಮಾತ್ರ ಬಿಟ್ಟು ಮುಂದೆ ಹೋಗಲಾರೆ. ಅವಳ ಹಾಜರಿ ಪುಸ್ತಕ ತೆರೆದು ನೋಡಿ, ನಾಟಿಯ ವಾರಗಳು, ಹತ್ತಿ ಬಿಡಿಸುವ ವಾರಗಳು, ಮೆಣಸಿನಕಾಯಿ ಬಿಡಿಸುವ ವಾರಗಳು ಅಲ್ಲಿ ಖಾಲಿ ಮನೆಗಳಾಗಿ ಕಾಣುತ್ತವೆ. ಅವಳಿಗೆ ಕೂಲಿಯಿಲ್ಲ, ಬಿಡುವಿಲ್ಲ, ಹೊಗಳಿಕೆಯೂ ಇಲ್ಲ. ಕೂಸು ಬಿದ್ದರೆ ಬೈಗುಳ ಅವಳಿಗೆ. ತನ್ನನ್ನೇ ಯಾರಾದರೂ ಎತ್ತಿಕೊಳ್ಳಬೇಕಾದ ವಯಸ್ಸಿನಲ್ಲಿ ಅವಳು ಇನ್ನೊಂದು ಜೀವವನ್ನು ಸೊಂಟದ ಮೇಲೆ ಹೊರುತ್ತಾಳೆ. ಒಂದು ಶಿಶುಪಾಲನಾ ಕೋಣೆ ಇಲ್ಲದಿರುವುದರ ಬೆಲೆಯನ್ನು ಈ ಮನೆಯಲ್ಲಿ ಇಬ್ಬರು ಮಕ್ಕಳು ತೆರುತ್ತಿದ್ದಾರೆ. ‘ಹೆಣ್ಮಕ್ಕಳು ಶಾಲಿ ಬಿಡ್ತಾರ’ ಎಂದು ಜಾಗೃತಿ ಜಾಥಾ ಮಾಡುವವರು ಅವಳ ಸೊಂಟದ ಮೇಲೆ ಯಾರಿದ್ದಾರೆ ಎಂದು ಯಾಕೆ ನೋಡುವುದಿಲ್ಲ?

ಆಗದ ಕೆಲಸವೇನೂ ಅಲ್ಲ. 1969ರಲ್ಲಿ ದೆಹಲಿಯಲ್ಲಿ, ಗಾಂಧಿ ಶತಮಾನೋತ್ಸವದ ಸಿದ್ಧತೆ ನಡೆಯುತ್ತಿದ್ದ ಜಾಗದಲ್ಲಿ ದೂಳಿನಲ್ಲಿ ಬಿದ್ದಿದ್ದ ಕಾರ್ಮಿಕರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಒಂದು ಡೇರೆ ಹಾಕಿಸಿದರು. ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಹಾಗೆ. ಛತ್ತೀಸಗಡದ ಬಿಲಾಸಪುರ ಸುತ್ತಿನ ಕಾಡಂಚಿನ ಹಳ್ಳಿಗಳಲ್ಲಿ ಜನ ಸ್ವಾಸ್ಥ್ಯ ಸಹಯೋಗದ ವೈದ್ಯರು ‘ಫುಲ್ವಾರಿ’ಗಳನ್ನು ತೆರೆದಿದ್ದಾರೆ. ಊರಿನದೇ ಹೆಂಗಸು, ಹತ್ತಾರು ಕೂಸುಗಳು, ಬಿಸಿ ಊಟ, ಆಟ. ತಾಯಿ ನಿಶ್ಚಿಂತೆಯಿಂದ ಹೊಲಕ್ಕೆ ಹೋಗುತ್ತಾಳೆ, ಅಕ್ಕ ಶಾಲೆಗೆ. ಅಲ್ಲಿನ ಬಡವರಿಗಿಂತ ಭತ್ತದ ಕಣಜ ಎನಿಸಿಕೊಂಡ ಸಿಂಧನೂರು ಬಡವೇ?

ತುಂಗಭದ್ರಾ ನೀರಾವರಿ ಸಲಹಾ ಸಮಿತಿ ಕಾಲುವೆಗೆ ನೀರು ಬಿಡುವ ದಿನಾಂಕವನ್ನು ಮುಂಚೆಯೇ ಗೊತ್ತುಮಾಡುತ್ತದೆ. ಅದೇ ದಿನಾಂಕಕ್ಕೆ ತುರ್ವಿಹಾಳದ ವಾರ್ಡುಗಳಲ್ಲಿ, ಸುತ್ತಿನ ಕ್ಯಾಂಪುಗಳಲ್ಲಿ, ತಾಂಡಾಗಳಲ್ಲಿ ಆರು ತಿಂಗಳಿಂದ ಮೂರು ವರ್ಷದವರ ಕೋಣೆಗಳು ಟಂಟಂ ಹೊರಡುವ ಹೊತ್ತಿಗೇ ಬಾಗಿಲು ತೆರೆದಿರಬೇಕು. ಅಲ್ಲಿ ದುಡಿಯುವವಳಿಗೆ ಸರದಿಯ ಕೂಲಿ ಬೇಡ, ತಿಂಗಳ ಸಂಬಳ ಬೇಕು, ವರ್ಷವಿಡೀ ಅದೇ ಮುಖ ಇರಬೇಕು. ಗುಳೆ ಹೋದವರು ಕಟ್ಟುವ ದೊಡ್ಡ ಕಟ್ಟಡಗಳ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆ ಹಣ ಅವರ ಕೂಸುಗಳ ಕೋಣೆಗೆ ಬರಲಿ. ಎಪಿಎಂಸಿಯಲ್ಲಿ ಭತ್ತದ ಮೇಲೆ ಎತ್ತುವ ಶುಲ್ಕದಲ್ಲೂ ಒಂದು ಪಾಲು ಬರಲಿ. ಬಾಣಂತಿ ಕೂಲಿಕಾರ್ತಿಗೆ ಆರು ತಿಂಗಳ ಕನಿಷ್ಠ ಕೂಲಿಯನ್ನು ಸರ್ಕಾರ ಕೊಡಲಿ, ಮೊದಲ ಮಗು, ಎರಡನೆಯ ಮಗು, ಗಂಡು, ಹೆಣ್ಣು ಎಂದು ಎಣಿಸದೆ. ಪಟ್ಟಣ ಪಂಚಾಯಿತಿಯ ಸದಸ್ಯರು ಇದಕ್ಕೆ ಠರಾವು ಮಾಡಲಿ, ಮಸ್ಕಿ ಕ್ಷೇತ್ರದ ಮತ ಕೇಳಲು ಬರುವ ಪ್ರತಿಯೊಬ್ಬರಿಂದಲೂ ಲಿಖಿತ ಉತ್ತರ ಪಡೆಯೋಣ.

ಅವರ ಉತ್ತರಕ್ಕೆ ಕಾಯಬೇಕಾಗಿಯೂ ಇಲ್ಲ. ನಾಟಿಯ ಗುತ್ತಿಗೆ ಮಾತಾಡುವ ಅಕ್ಕಂದಿರೇ, ನೀವಿಲ್ಲದೆ ಈ ನೆಲದಲ್ಲಿ ಒಂದು ಸಸಿಯೂ ಕೆಸರಿಗೆ ಇಳಿಯುವುದಿಲ್ಲ. ಈ ಸಲ ಎಕರೆಯ ದರ ಮಾತಾಡುವಾಗಲೇ ಕೂಸು ನೋಡಿಕೊಳ್ಳುವವಳ ಕೂಲಿಯನ್ನೂ ಕೇಳಿ, ನಡುವೆ ಎದ್ದು ಹಾಲು ಕುಡಿಸುವ ಹೊತ್ತನ್ನೂ ಕೇಳಿ. ನಿಮ್ಮ ಗುಂಪಿನಲ್ಲೇ ಕೂಸುಗಳಿಗೆ ಗುರುತಿರುವ ಒಬ್ಬಳನ್ನು ಹಂಗಾಮು ಮುಗಿಯುವ ತನಕ ಅದಕ್ಕೇ ನಿಲ್ಲಿಸಿ, ಅವಳ ಪಾಲನ್ನು ಯಜಮಾನನಿಂದ ಎಣಿಸಿಕೊಳ್ಳಿ. ಒಪ್ಪದವನ ಗದ್ದೆಗೆ ಯಾರೂ ಇಳಿಯಬೇಡಿ.